ಅಡುಗೆಮನೆ ಬೀರುವಿಗೆ ಕುಂಟೆಯ ಕೀಲು

ನಮ್ಮ ಅಡುಗೆಮನೆ ಕಟ್ಟೆಯ ಕೆಳಗಿನ ಬೀರುವಿಗೆ ಎರಡು ಸಲ ಮರದ ಚೌಕಟ್ಟು ಹಾಕಿದ್ದೇವೆ. ಮೊದಲನೆಯದು 2014ರದು. ಅದು ಎರಡು ಬೇಸಿಗೆ ಕೂಡ ನೆಟ್ಟಗೆ ತಾಳಲಿಲ್ಲ. ಎರಡನೆಯದನ್ನು 2019ರಲ್ಲಿ ಸುಗ್ಗಿ ಮುಗಿದ ಮೇಲೆ ನಾನೇ ಕೂತು ಮಾಡಿದೆ. ಅದು ಇವತ್ತಿಗೂ ಅಲುಗಿಲ್ಲ. ಎರಡಕ್ಕೂ ಮರ ಒಂದೇ, ನಮ್ಮ ಹೊಲದ ಬದುವಿನ ಬೇವು. ವ್ಯತ್ಯಾಸ ಇದ್ದದ್ದು ಮರ ಒಣಗಿದ್ದರಲ್ಲಿ ಮತ್ತು ಕೀಲು ಸೇರಿಸಿದ್ದರಲ್ಲಿ. ನಾನು ಏಳನೇ ಕ್ಲಾಸಿನವರೆಗೆ ಓದಿದವನು, ಮರಗೆಲಸ ಕಲಿತವನಲ್ಲ. ಯಳಂದೂರು ಕಡೆಯ ಮಳೆ ನಂಬಿದ ಹೊಲದಲ್ಲಿ ರಾಗಿ, ಹುರುಳಿ, ಅವರೆ ಬೆಳೆಯೋನು. ಆದರೂ ಇದನ್ನು ಮಾಡೋಕಾಯ್ತು. ನಿಮಗೂ ಆಗುತ್ತೆ ಅಂತಲೇ ಬರೆಯುತ್ತಿದ್ದೇನೆ.

ಮೊದಲ ಸಲ ಆದ ತಪ್ಪು

2014ರಲ್ಲಿ ಮಗನ ಮದುವೆ ಹತ್ತಿರ ಬಂದಿತ್ತು. ಹೊಸ ಅಡುಗೆಮನೆಗೆ ಕಟ್ಟೆ ಕಟ್ಟಿಸಿ, ಕೆಳಗೆ ಕಡಪಾ ಕಲ್ಲಿನ ಹಲಗೆ ಕೂರಿಸಿದ್ದೆವು. ಮುಂದೆ ಬಾಗಿಲು ಬೇಕು ಅಂತ ಬೇವಿನ ಮರ ಕಡಿಸಿ, ಸೀಳಿಸಿ, ತಿಂಗಳು ತುಂಬೋದರೊಳಗೆ ಕೆಲಸಕ್ಕೆ ಕೊಟ್ಟೆ. ಬಂದ ಆಚಾರಿ ಮರ ಮುಟ್ಟಿ ನೋಡಿ, "ಅಣ್ಣ, ಇದಿನ್ನೂ ಹಸಿ ಅದೆ. ಒಂದ್ ಬ್ಯಾಸಿಗೆ ಕಳೀಲಿ" ಅಂದರು. ನಾನು ಕೇಳಲಿಲ್ಲ. ಮದುವೆ ಅವಸರ. ಕೀಲು ಕೊರೆಯೋಕೆ ದಿನ ಹಿಡಿಯುತ್ತೆ ಅಂದಾಗಲೂ, ಮೊಳೆ ಹೊಡೆದು ಮುಗಿಸಿ ಅಂದವನು ನಾನೇ.

ಮುಂದಿನ ಬೇಸಿಗೆಗೆ ಮೂಲೆಗಳು ಬಾಯಿ ಬಿಟ್ಟವು. ಅದರ ಮುಂದಿನ ಬೇಸಿಗೆಗೆ ಒಂದು ನಿಲುವು ತಿರುಚಿಕೊಂಡು ಬಾಗಿಲು ಜೋತುಬಿತ್ತು. ನಮ್ಮ ಮನೆಯವಳು ಬಿತ್ತನೆ ಅವರೆಯನ್ನು ಬೂದಿ ಬೆರೆಸಿ ಮಡಕೆಯಲ್ಲಿ ತುಂಬಿ ಆ ಬೀರುವಿನೊಳಗೇ ಇಡುತ್ತಿದ್ದಳು. ಆ ಬೀಜ ಅವಳು ತವರಿನಿಂದ ತಂದದ್ದು, ಇಪ್ಪತ್ತು ವರ್ಷದಿಂದ ಕೈ ಬಿಡದೆ ಉಳಿಸಿಕೊಂಡದ್ದು. ಒಂದು ದಿನ ನೋಡಿದರೆ ಮಡಕೆಯ ಬಾಯಿಬಟ್ಟೆ ಹರಿದಿದೆ, ಒಳಗೆ ಸಿಪ್ಪೆ ಮಾತ್ರ ಇದೆ. ಚಿಟ್ಟಿಲಿ ಪೆನ್ಸಿಲ್ ತೂರುವಷ್ಟು ಸಂದಿಯಲ್ಲೂ ನುಗ್ಗುತ್ತೆ. ನಮ್ಮ ಚೌಕಟ್ಟಿನಲ್ಲಿ ಹೆಬ್ಬೆರಳು ತೂರುತ್ತಿತ್ತು. "ಬೀರು ಮಾಡ್ಸಿದ್ರೋ, ಇಲಿಗೆ ಮನೆ ಕಟ್ಟಿಕೊಟ್ರೋ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಚೌಕಟ್ಟು ಯಾಕೆ ಬೇಕು

ಕಡಪಾ ಕಲ್ಲಿಗೆ ತಿರುಪುಮೊಳೆ ಹಿಡಿಯೋಲ್ಲ. ಗಾರೆಯ ಅಂಚಿಗೆ ಬಾಗಿಲ ಕೀಲು ಹಾಕಿದರೆ ವರ್ಷದಲ್ಲಿ ಕಿತ್ತು ಬರುತ್ತೆ. ಅದಕ್ಕೇ ಕಲ್ಲು ಗೋಡೆಗಳ ಮುಂದೆ ಮರದ ಚೌಕಟ್ಟು ನಿಲ್ಲಿಸಿ, ಅದಕ್ಕೆ ಬಾಗಿಲು ತೂಗುಹಾಕೋದು. ಇದು ಮೂರು ಕೆಲಸ ಮಾಡುತ್ತೆ. ಒಂದು, ಬಾಗಿಲಿನ ಭಾರ ಹೊರುತ್ತೆ. ಎರಡು, ಕಲ್ಲಿನ ಒರಟು ಅಂಚು ಮುಚ್ಚುತ್ತೆ. ಮೂರು, ಗೋಡೆ ಸೊಟ್ಟ ಇದ್ದರೂ ಬಾಗಿಲಿನ ಕಂಡಿಯನ್ನು ಚಚ್ಚೌಕ ಇಡುತ್ತೆ. ಚೌಕಟ್ಟು ಓರೆಯಾದರೆ ಬಾಗಿಲು ಎಷ್ಟು ಒಳ್ಳೆಯದಾದರೂ ಮುಚ್ಚೋಲ್ಲ.

ಕುಂಟೆಗೆ ಮೊಳೆ ಯಾರು ಹೊಡೀತಾರೆ?

ಎರಡನೇ ಸಲ ಏನು ಮಾಡೋದು ಅಂತ ಯೋಚಿಸುತ್ತಿದ್ದಾಗ ಅಟ್ಟದ ಮೇಲಿದ್ದ ನಮ್ಮಪ್ಪನ ಕಾಲದ ಕುಂಟೆ ಕಣ್ಣಿಗೆ ಬಿತ್ತು. ದಿಂಡಿನ ತೂತಿಗೆ ತಾಳು ತೂರಿಸಿ ಬೆಣೆ ಹೊಡೆದದ್ದು. ಒಂದು ಮೊಳೆ ಇಲ್ಲ. ಜೋಡಿ ಎತ್ತು ಎಳೆದಿವೆ, ಕಲ್ಲಿಗೆ ತಾಗಿದೆ, ಮಳೆ ಬಿಸಿಲು ಕಂಡಿದೆ, ಆದರೂ ಕೀಲು ಗಟ್ಟಿಯಾಗಿದೆ. ಕುಂಟೆಗೆ ತಾಳನ್ನು ಮೊಳೆ ಹೊಡೆದು ನಿಲ್ಲಿಸಿದವರನ್ನು ನೀವು ಕಂಡಿದ್ದೀರಾ?

ಕಾರಣ ಸರಳ. ಮರ ಅಂದರೆ ಉದ್ದುದ್ದ ನಾರಿನ ಕಟ್ಟು. ಪಟ್ಟಿಯ ತುದಿ ಆ ನಾರಿನ ಬಾಯಿ. ಅಲ್ಲಿಗೆ ಹೊಡೆದ ಮೊಳೆ ನಾರಿನ ನಡುವೆ ಸುಮ್ಮನೆ ನುಗ್ಗಿರುತ್ತೆ, ಎಳೆದರೆ ಬರುತ್ತೆ. ಗೋಂದು ಹಚ್ಚಿದರೆ ತುದಿ ಅದನ್ನು ಕುಡಿದುಬಿಡುತ್ತೆ, ಅಂಟು ನಿಲ್ಲೋಲ್ಲ. ಒಂದು ಪಟ್ಟಿಯಲ್ಲಿ ಕುಳಿ ತೆಗೆದು, ಇನ್ನೊಂದರ ತುದಿಯನ್ನು ನಾಲಿಗೆ ಥರ ಕೆತ್ತಿ ಒಳಗೆ ತೂರಿಸಿದರೆ ನಾಲಿಗೆಯ ಎರಡು ಮಗ್ಗುಲೂ ಕುಳಿಯ ಗೋಡೆಗೆ ಒತ್ತಿ ಕೂರುತ್ತವೆ. ಅಲ್ಲಿ ಗೋಂದು ಹಿಡಿಯುತ್ತೆ, ಅಲುಗಾಡೋಕೆ ಜಾಗವೂ ಇರೋಲ್ಲ.

ಆದರೆ ಒಂದು ಮಾತು. ಕುಂಟೆ ಸಡಿಲ ಆದರೆ ನೀರಲ್ಲಿ ನೆನೆಹಾಕಿ ಬಿಗಿ ಮಾಡಿಕೊಳ್ಳುತ್ತೇವೆ. ಅಡುಗೆಮನೆ ಬೀರುವನ್ನು ಹೊಂಡಕ್ಕೆ ಇಳಿಸೋಕಾಗೋಲ್ಲ. ಆದ್ದರಿಂದ ಮರ ಮೊದಲೇ ಒಣಗಿರಬೇಕು.

ಮರ ಒಣಗಿಸೋದು

ನಿಮ್ಮದೇ ಹೊಲದ ಮರ ಆದರೂ ಕಡಿಯೋ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕೆಲವು ಜಾತಿಗೆ ವಿನಾಯ್ತಿ ಇದೆ, ಮಿಕ್ಕದ್ದಕ್ಕೆ ಅನುಮತಿ ಬೇಕು.

ಬೇವಿನಲ್ಲಿ ಕೆಂಪಗಿರುವ ಕೆಚ್ಚು ಮಾತ್ರ ಇಟ್ಟುಕೊಳ್ಳಿ. ಹೊರಗಿನ ಬಿಳಿ ಭಾಗಕ್ಕೆ ಹುಳ ಬೀಳುತ್ತೆ. ಒಂದೂಕಾಲು ಅಂಗುಲ ದಪ್ಪಕ್ಕೆ ಸೀಳಿಸಿ, ತುದಿಗಳಿಗೆ ಸಗಣಿ ಮೆತ್ತಿ. ತುದಿ ಬೇಗ ಒಣಗಿ ಸೀಳೋದನ್ನು ಇದು ತಡೆಯುತ್ತೆ. ನೆರಳಲ್ಲಿ, ನೆಲದಿಂದ ಒಂದಡಿ ಮೇಲೆ ಪೇರಿಸಿ. ಹಲಗೆ ಹಲಗೆಯ ನಡುವೆ ಒಂದೂವರೆ ಅಡಿಗೊಂದರಂತೆ ಒಂದೇ ದಪ್ಪದ ರೀಪು ಕೊಡಿ. ರೀಪುಗಳು ಒಂದರ ಮೇಲೊಂದು ನೇರಕ್ಕೆ ಬರಬೇಕು, ಇಲ್ಲದಿದ್ದರೆ ಹಲಗೆ ಬಾಗುತ್ತೆ. ಮೇಲೆ ಭಾರದ ಕಲ್ಲು ಹೇರಿ. ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಅಂತ ಲೆಕ್ಕ.

ಒಣಗಿದೆಯೋ ಇಲ್ಲವೋ ತಿಳಿಯೋಕೆ ಒಂದು ತುಂಡನ್ನು ತಿಂಗಳಿಗೊಮ್ಮೆ ಅಂಗಡಿ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯೋದು ನಿಂತರೆ ಮರ ತಯಾರು. ನಾನು ಹದಿನಾಲ್ಕು ತಿಂಗಳು ಕಾದೆ.

ಮರ ಒಣಗುವಾಗ ಅಗಲದಲ್ಲಿ ಕುಗ್ಗುತ್ತೆ, ಉದ್ದದಲ್ಲಿ ಹೆಚ್ಚುಕಮ್ಮಿ ಇಲ್ಲ ಅನ್ನುವಷ್ಟು ಕಡಿಮೆ. ಚೌಕಟ್ಟಿಗೆ ಅಗಲ ಹಲಗೆ ಬೇಡ, ಎರಡು ಅಂಗುಲದ ಪಟ್ಟಿ ಸಾಕು ಅನ್ನೋದು ಅದಕ್ಕೇ.

ಅಳತೆ

ಗೋಡೆಯನ್ನು ನಂಬಬೇಡಿ. ಕಂಡಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ನಮ್ಮದು 59½, 59¼, 59¾ ಅಂಗುಲ ಬಂತು. ಎತ್ತರ ಎಡಕ್ಕೆ 28, ಬಲಕ್ಕೆ 27¾. ಎರಡರಲ್ಲೂ ಕಡಿಮೆ ಇರೋದನ್ನು ಹಿಡಿದು ಕಾಲು ಅಂಗುಲ ಕಳೆದೆ. ಚೌಕಟ್ಟು 59 ಅಂಗುಲ ಅಗಲ, 27½ ಅಂಗುಲ ಎತ್ತರ ಆಯ್ತು. ಮೂರು ಬಾಗಿಲು. ಪಟ್ಟಿಗಳು ಹೆರೆದ ಮೇಲೆ 2 ಅಂಗುಲ ಅಗಲ, 1 ಅಂಗುಲ ದಪ್ಪ. ಕತ್ತರಿಸಿದ್ದು ಹೀಗೆ:

ಹೊರ ನಿಲುವು 2: ತಲಾ 29½ ಅಂಗುಲ. ಎರಡು ತುದಿಗೂ ಒಂದೊಂದು ಅಂಗುಲ ಹೆಚ್ಚು ಬಿಟ್ಟಿದ್ದೇನೆ. ಇದನ್ನು ಕೊಂಬು ಅನ್ನೋಣ. ಕೊನೆಗೆ ಕತ್ತರಿಸೋದು.
ಅಡ್ಡಪಟ್ಟಿ 2: ತಲಾ 59½ ಅಂಗುಲ. ನಾಲಿಗೆ ಸೇರಿ. ಎರಡು ಕಡೆಯೂ ಕಾಲು ಅಂಗುಲ ಆಚೆ ಬರುತ್ತೆ, ಆಮೇಲೆ ಹೆರೆಯೋದು.
ನಡು ನಿಲುವು 2: ತಲಾ 25½ ಅಂಗುಲ. ನಡುವೆ 23½, ಎರಡು ತುದಿಗೆ ಒಂದೊಂದು ಅಂಗುಲ ನಾಲಿಗೆ.

ಹೀಗೆ ಮಾಡಿದರೆ ಪ್ರತಿ ಬಾಗಿಲಿಗೆ 17 ಅಂಗುಲ ಅಗಲ, 23½ ಅಂಗುಲ ಎತ್ತರದ ಕಂಡಿ ಸಿಗುತ್ತೆ.

ಕುಳಿ ಮತ್ತು ನಾಲಿಗೆ

ಅಂಗುಲಕ್ಕೆ ಎಂಟು ನೂಲು. ಪಟ್ಟಿಯ ದಪ್ಪದಲ್ಲಿ ಮೂರನೇ ಒಂದು ಭಾಗ ನಾಲಿಗೆಗೆ, ಅಂದರೆ ಮೂರು ನೂಲು. ಎರಡು ಮಗ್ಗುಲಲ್ಲೂ ಎರಡೂವರೆ ನೂಲು ಉಳಿಯುತ್ತೆ. ನಾಲಿಗೆ ಇದಕ್ಕಿಂತ ದಪ್ಪ ಆದರೆ ಕುಳಿಯ ಗೋಡೆ ಸೀಳುತ್ತೆ, ತೆಳ್ಳಗಾದರೆ ನಾಲಿಗೆಯೇ ಮುರಿಯುತ್ತೆ. ಮೂರು ನೂಲಿನ ಉಳಿ ಒಂದಿದ್ದರೆ ಅದರ ಅಗಲವೇ ನಿಮ್ಮ ಅಳತೆ.

ಕುಳಿ ಮೊದಲು, ನಾಲಿಗೆ ಆಮೇಲೆ. ಕುಳಿಗೆ ಸರಿಯಾಗಿ ನಾಲಿಗೆ ಹೆರೆಯಬಹುದು, ನಾಲಿಗೆಗೆ ಸರಿಯಾಗಿ ಕುಳಿ ಕಿರಿದು ಮಾಡೋಕಾಗೋಲ್ಲ. ಬೈರಿಗೆಯಲ್ಲಿ ಸಾಲಾಗಿ ತೂತು ಕೊರೆದು, ಮಿಕ್ಕದ್ದನ್ನು ಉಳಿ ಕೊಡತಿಯಲ್ಲಿ ಬಿಡಿಸಿ. ಹೊರ ನಿಲುವಿನ ನಾಲ್ಕು ಕುಳಿ ಈಚೆಯಿಂದ ಆಚೆಗೆ ಬರಬೇಕು. ಅರ್ಧ ಒಂದು ಕಡೆಯಿಂದ, ಅರ್ಧ ಇನ್ನೊಂದು ಕಡೆಯಿಂದ ಕೊರೆಯಿರಿ. ಒಂದೇ ಕಡೆಯಿಂದ ಹೊಡೆದರೆ ಆಚೆಯ ಅಂಚು ಎಗರುತ್ತೆ. ನಡು ನಿಲುವಿಗೆ ಅಡ್ಡಪಟ್ಟಿಯಲ್ಲಿ ನಾಲ್ಕು ಕುರುಡು ಕುಳಿ, ಒಂದು ಅಂಗುಲಕ್ಕಿಂತ ಅರ್ಧ ನೂಲು ಹೆಚ್ಚು ಆಳ.

ಮೂಲೆಯಲ್ಲಿ ಒಂದು ಎಚ್ಚರ. ಅಡ್ಡಪಟ್ಟಿಯ ಅಗಲ 2 ಅಂಗುಲ ಇದ್ದರೂ ನಾಲಿಗೆಯ ಅಗಲ 1¼ ಅಂಗುಲ ಮಾತ್ರ ಇಡಿ. ಹೊರ ಅಂಚಿನ ಕಡೆಯಿಂದ ಮುಕ್ಕಾಲು ಅಂಗುಲ ತೆಗೆದುಬಿಡಿ. ಇಲ್ಲದಿದ್ದರೆ ನಿಲುವಿನ ತುದಿ ಬಾಯಿ ತೆರೆದುಕೊಳ್ಳುತ್ತೆ.

ನಾಲಿಗೆ ಕೈಯಲ್ಲಿ ಒತ್ತಿದರೆ ಅರ್ಧ ಹೋಗಬೇಕು, ಮಿಕ್ಕದ್ದು ಕೊಡತಿಯ ಮೆಲ್ಲನೆ ಏಟಿಗೆ ಕೂರಬೇಕು. ಜೋರಾಗಿ ಹೊಡೆಯಬೇಕಾದರೆ ಸೀಳುತ್ತೆ, ಪಟಕ್ಕನೆ ಬಿದ್ದರೆ ಕೀಲೇ ಅಲ್ಲ. ನಾನು ಎರಡು ನಾಲಿಗೆ ಕೆಡಿಸಿ ಮತ್ತೆ ಮಾಡಿದೆ. ಮೊದಲು ಚೂರು ಮರದಲ್ಲಿ ಒಂದು ಕೀಲು ಮಾಡಿ ನೋಡಿ.

ಜೋಡಿಸೋದು

ಮೊದಲು ಗೋಂದಿಲ್ಲದೆ ಪೂರ್ತಿ ಜೋಡಿಸಿ ನೋಡಿ, ಪ್ರತಿ ಕೀಲಿಗೂ ನಂಬರು ಬರೆಯಿರಿ. ನಡು ನಿಲುವುಗಳನ್ನು ಅಡ್ಡಪಟ್ಟಿಗಳಿಗೆ ಸೇರಿಸಿದ ಮೇಲೇ ಹೊರ ನಿಲುವು. ಈ ಕ್ರಮ ತಪ್ಪಿದರೆ ನಡು ನಿಲುವು ಒಳಗೆ ಹೋಗೋದೇ ಇಲ್ಲ.

ನಡು ನಿಲುವಿನ ಕೀಲಿಗೆ ಬಿದಿರಿನ ಮೊಳೆ ಹಾಕಿದ್ದೇನೆ. ಅಡ್ಡಪಟ್ಟಿಯಲ್ಲಿ ಕುಳಿಗೆ ಅಡ್ಡಲಾಗಿ ಎರಡು ನೂಲಿನ ತೂತು ಕೊರೆಯಿರಿ. ನಾಲಿಗೆ ತೂರಿಸಿ ತೂತಿನ ಗುರುತು ಹಾಕಿ ಹೊರಗೆ ತೆಗೆಯಿರಿ. ನಾಲಿಗೆಯ ತೂತನ್ನು ಆ ಗುರುತಿಗಿಂತ ಅರ್ಧ ನೂಲು ನಿಲುವಿನ ಕಡೆಗೆ ಸರಿಸಿ ಕೊರೆಯಿರಿ. ಮತ್ತೆ ಸೇರಿಸಿ, ತುದಿ ಚೂಪು ಮಾಡಿದ ಬಿದಿರು ಮೊಳೆ ಹೊಡೆದಾಗ ಅದು ನಾಲಿಗೆಯನ್ನು ಒಳಕ್ಕೆ ಎಳೆದು ಬಿಗಿ ಮಾಡುತ್ತೆ.

ಮೂಲೆಯ ನಾಲಿಗೆಗೆ ಬೆಣೆ. ಕುಳಿಯ ಹೊರಬಾಯನ್ನು ಮೇಲೆ ಕೆಳಗೆ ಒಂದೊಂದು ನೂಲು ಅಗಲಿಸಿ, ನಾಲಿಗೆಯಲ್ಲಿ ಎರಡು ಗರಗಸದ ಗೀರು ಹಾಕಿ. ಗೋಂದು ಹಚ್ಚಿ ಸೇರಿಸಿದ ಮೇಲೆ ಚೌಕಟ್ಟಿನ ಸುತ್ತ ಹಗ್ಗ ಸುತ್ತಿ ಕೋಲು ತೂರಿಸಿ ತಿರುಪಿದರೆ ಸಂದಿ ಮುಚ್ಚುತ್ತೆ. ಈಗ ಗೀರಿಗೆ ಬೆಣೆ ಹೊಡೆಯಿರಿ. ನಾಲಿಗೆ ಹೊರಬಾಯಲ್ಲಿ ಅರಳಿ ಕೂತುಕೊಳ್ಳುತ್ತೆ, ಹಿಂದಕ್ಕೆ ಬರೋಲ್ಲ. ಬೆಣೆಯ ಒತ್ತಡಕ್ಕೆ ತುದಿ ಸೀಳದಂತೆ ಕಾಯೋದು ಆ ಕೊಂಬೇ.

ಗೋಂದು ಒಣಗುವ ಮುಂಚೆ ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡು ಕಡೆಯೂ ಅಳೆಯಿರಿ. ನಮ್ಮದು 65 ಅಂಗುಲಕ್ಕೆ ಕೂದಲೆಳೆ ಹೆಚ್ಚು ಬಂತು, ಎರಡೂ ಸಮ. ಒಂದು ಉದ್ದ ಬಂದರೆ ಆ ಮೂಲೆಗಳನ್ನು ಒತ್ತಿ ಸರಿ ಮಾಡಿ. ಒಂದು ದಿನ ಹಾಗೇ ಬಿಟ್ಟು ಮಾರನೆಯ ದಿನ ಕೊಂಬು ಕತ್ತರಿಸಿ.

ತಂಗಿ ಮಗ ಮೊಬೈಲಿನಲ್ಲಿ ಅಮೆರಿಕದವರು ಇಂಥದೇ ಚೌಕಟ್ಟು ಮಾಡೋದನ್ನು ತೋರಿಸಿದ. ಅವರು ಪಟ್ಟಿಯ ಹಿಂದೆ ಓರೆ ತೂತು ಕೊರೆದು ತಿರುಪುಮೊಳೆ ಬಿಗಿಯುತ್ತಾರೆ. ಬೇಗ ಆಗುತ್ತೆ, ಕೆಟ್ಟದ್ದೇನಲ್ಲ. ಆದರೆ ಅದಕ್ಕೂ ಮರ ಒಣಗಿರಲೇಬೇಕು, ಮೆಷಿನ್ನಿನಲ್ಲಿ ನೇರಕ್ಕೆ ಹೆರೆದಿರಬೇಕು. ನಮಗೆ ಒಂದು ಗರಗಸ, ಎರಡು ಉಳಿ, ಬೈರಿಗೆ, ಮೂಲೆಮಟ್ಟ ಸಾಕು.

ಕೂರಿಸೋದು

ಗಾರೆ ಕೆಲಸದವರಿಗೆ ಮೊದಲೇ ಹೇಳಿ: ಒಳಗಿನ ಕಡಪಾ ಹಲಗೆ ಮುಂಭಾಗದಿಂದ ಒಂದೂವರೆ ಅಂಗುಲ ಹಿಂದಿರಲಿ, ಬೀರುವಿನ ತಳ ನೆಲದಿಂದ ನಾಲ್ಕು ಅಂಗುಲ ಎತ್ತರವಿರಲಿ. ನೆಲ ತೊಳೆದ ನೀರು ಮರಕ್ಕೆ ತಾಗಬಾರದು. ಚೌಕಟ್ಟಿನ ಹಿಂಭಾಗ, ಅಡಿಭಾಗ ಎಲ್ಲಕ್ಕೂ ಅಗಸೆ ಎಣ್ಣೆ ಎರಡು ಸಲ ಹಚ್ಚಿ. ಹೊರ ನಿಲುವಿನ ಒಳಗಡೆಯಿಂದ ಗೋಡೆಯ ಕಡೆಗೆ ಮೂರೂವರೆ ಅಂಗುಲದ ತಿರುಪುಮೊಳೆ, ಗೋಡೆಯ ತೂತಿಗೆ ಪ್ಲಾಸ್ಟಿಕ್ ಗೂಟ. ಸಂದಿ ಇದ್ದಲ್ಲಿ ಮರದ ಚಕ್ಕೆ ಕೊಟ್ಟೇ ಬಿಗಿಯಿರಿ, ಇಲ್ಲದಿದ್ದರೆ ಸೊಟ್ಟ ಗೋಡೆ ಚೌಕಟ್ಟನ್ನೂ ಸೊಟ್ಟಕ್ಕೆ ಎಳೆಯುತ್ತೆ. ಮಿಕ್ಕ ಸಂದಿಗೆ ಗಾರೆ ತುಂಬಿ.

ಕಂಡಿಯ ಹಿಂದೆ ಸುತ್ತಲೂ ಅರ್ಧ ಅಂಗುಲದ ರೀಪು ಹೊಡೆದಿದ್ದೇನೆ. ಬಾಗಿಲು ಅದಕ್ಕೆ ಒರಗಿ ನಿಲ್ಲುತ್ತೆ, ಇಲಿಗೆ ದಾರಿ ಇಲ್ಲ. ಬಾಗಿಲಿನ ಸುತ್ತ ಎಷ್ಟು ಬಿಡಬೇಕು ಅನ್ನೋದು ಕಾಲದ ಮೇಲೆ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಮರ ಹಿಗ್ಗುತ್ತೆ. ಬೇಸಿಗೆಯಲ್ಲಿ ಕೂರಿಸಿದರೆ ಸುತ್ತ ಒಂದು ನೂಲು ಬಿಡಿ, ಮಳೆಗಾಲದಲ್ಲಿ ಆದರೆ ಅರ್ಧ ನೂಲು ಸಾಕು.

ಒಟ್ಟು ಎಂಟು ಕೀಲು. ನನಗೆ ಆರು ದಿನ ಹಿಡಿಯಿತು, ಕೈ ಪಳಗಿದವರಿಗೆ ಎರಡು ದಿನದ ಕೆಲಸ. ನೀವೇ ಮಾಡದಿದ್ದರೂ ಚಿಂತೆಯಿಲ್ಲ. ಮಾಡೋರು ಮರ ಹಸಿ ಇದೆ ಅಂದರೆ ಕಾಯಿರಿ, ಕೀಲಿಗೆ ಒಂದು ದಿನ ಹೆಚ್ಚು ಕೇಳಿದರೆ ಕೊಡಿ.

ತವರಿನ ಅವರೆ ಬೀಜ ಹೋಯಿತು ಅಂತ ನಮ್ಮ ಮನೆಯವಳು ಎರಡು ವರ್ಷ ಬೇರೆ ಬೀಜ ಬಿತ್ತಿದಳು, ಮನಸ್ಸಿಗೆ ಹಿಡಿಸಲಿಲ್ಲ. ಆಮೇಲೆ ಹನೂರು ಕಡೆ ಇರುವ ಅವಳ ಅಕ್ಕನ ಮನೆಯಲ್ಲಿ ಅದೇ ಬೀಜ ಒಂದು ಸೇರು ಸಿಕ್ಕಿತು. ಈಗ ಅದು ಎಡಗಡೆ ಬಾಗಿಲಿನ ಹಿಂದೆ ಮಡಕೆಯಲ್ಲಿದೆ. ಪ್ರತಿ ವರ್ಷ ಬಿತ್ತನೆಗೆ ತೆಗೆಯುವಾಗ ಅಳೆಯುತ್ತೇವೆ. ಇಟ್ಟಷ್ಟೇ ಇರುತ್ತೆ.