ಪುಟ್ಟ ನಾಯಿಯ ಉಣ್ಣೆ, ಜಂತುಹುಳು: ಖರ್ಚು ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?



ಹಸುವಿನ ಪತ್ರಿಕೆಯಲ್ಲಿ ನಾಯಿಯ ಸುದ್ದಿ ಏಕೆ ಎಂದು ಕೇಳಬೇಡಿ. ತಾಳಗುಂದದ ಸುತ್ತಿನ ಸಂಘಗಳಿಗೆ ಹೋದಾಗ ಗರ್ಭಪರೀಕ್ಷೆ, ಕೆಚ್ಚಲುಬಾವು ಎಲ್ಲವನ್ನೂ ವಿಚಾರಿಸಿ ಮುಗಿದ ಮೇಲೆ ಸದಸ್ಯರು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಒಂದಿದೆ. “ಸಾರ್, ಮನೇಲಿ ಒಂದು ಪೊಮೇರಿಯನ್ ಇದೆ. ಪೌಡರು, ಸೋಪು, ಕೊರಳಪಟ್ಟಿ ಅಂತ ಬಟವಾಡೆ ದುಡ್ಡೆಲ್ಲ ಅದಕ್ಕೇ ಹೋಗ್ತಿದೆ. ಉಣ್ಣೆ ಮಾತ್ರ ಹೋಗ್ತಿಲ್ಲ.”

ಹೋಗದಿರಲು ಕಾರಣವಿದೆ. ನಾಯಿಯ ಕಂದು ಉಣ್ಣೆ (ನಮ್ಮ ಕಡೆ ಉಣುಗು) ತನ್ನ ಆಯುಷ್ಯದ ಹೆಚ್ಚಿನ ಪಾಲನ್ನು ನಾಯಿಯ ಮೈಮೇಲೆ ಕಳೆಯುವುದೇ ಇಲ್ಲ. ರಕ್ತ ಕುಡಿದು ಉದುರಿ, ಕೊಟ್ಟಿಗೆಯ ಗೋಡೆಯ ಬಿರುಕು, ಕಟ್ಟಿಗೆಯ ರಾಶಿ, ನಾಯಿ ಮಲಗುವ ಗೋಣಿಚೀಲದಲ್ಲಿ ಸೇರಿಕೊಳ್ಳುತ್ತದೆ. ಹೊಟ್ಟೆ ತುಂಬಿದ ಒಂದು ಹೆಣ್ಣು ಉಣ್ಣೆ ಸಾವಿರಾರು ಮೊಟ್ಟೆ ಇಡುತ್ತದೆ. ಬೆಳೆದ ಉಣ್ಣೆ ತಿಂಗಳುಗಟ್ಟಲೆ ಉಪವಾಸವಿದ್ದೂ ಬದುಕುತ್ತದೆ. ನೀವು ನಾಯಿಗೆ ಮಾತ್ರ ಪೌಡರು ಹಚ್ಚಿದರೆ ಗೋಡೆಯಲ್ಲಿರುವ ಉಣ್ಣೆಗೆ ಏನೂ ಆಗದು.

ಆದುದರಿಂದ ಮೊದಲ ಉಳಿತಾಯ ಔಷಧಿ ಅಂಗಡಿಯಲ್ಲಿಲ್ಲ, ನಿಮ್ಮ ಕೊಟ್ಟಿಗೆಯಲ್ಲಿದೆ. ಬಿರುಕುಗಳನ್ನು ಮಣ್ಣು ಅಥವಾ ಸಿಮೆಂಟಿನಿಂದ ಮುಚ್ಚಿ ಸುಣ್ಣ ಬಳಿಯಿರಿ. ನಾಯಿಯ ಗೋಣಿಯನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿರಿ. ಪುಟ್ಟ ನಾಯಿಯ ಒಂದು ಅನುಕೂಲವೆಂದರೆ ಹತ್ತು ನಿಮಿಷದಲ್ಲಿ ಇಡೀ ಮೈ ನೋಡಿ ಮುಗಿಸಬಹುದು. ಕಿವಿಯ ಒಳಗೆ, ಕಾಲ್ಬೆರಳ ಸಂದು, ಕಂಕುಳು, ಬಾಲದ ಬುಡ ಇಷ್ಟನ್ನು ಬಿಡಬೇಡಿ. ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು ಸ್ಪಿರಿಟ್ ಇರುವ ಡಬ್ಬಿಗೆ ಹಾಕಿರಿ. ಬರಿಗೈಯಲ್ಲಿ ಹಿಸುಕಬೇಡಿ.

ಈ ಮಾತನ್ನು ನಮ್ಮ ಭಾಗದವರಿಗೆ ಒತ್ತಿ ಹೇಳಬೇಕಾಗಿದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಇರುವುದು ಪಕ್ಕದ ಸೊರಬ ತಾಲ್ಲೂಕಿನಲ್ಲಿಯೇ. ಅದನ್ನು ಮುಖ್ಯವಾಗಿ ಹರಡುವುದು ಕಾಡಿನ ಬೇರೊಂದು ಜಾತಿಯ ಉಣ್ಣೆ, ನಾಯಿಯ ಕಂದು ಉಣ್ಣೆಯಲ್ಲ. ಆದರೆ ಮೇಯಲು ಕಾಡಿಗೆ ಹೋದ ದನದ ಮೈಮೇಲೆ ಆ ಉಣ್ಣೆಯೂ ಬರಬಹುದು. ಅಂಗೈಯಲ್ಲಿ ಹಿಡಿದು ಇದು ಯಾವ ಜಾತಿಯದೆಂದು ನೀವು ಹೇಳಲಾರಿರಿ. ಕಾಡಿನಂಚಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.

ಇನ್ನು ಔಷಧಿ. ಡಬ್ಬಿಯ ಮೇಲಿನ ದೊಡ್ಡ ಅಕ್ಷರದ ಹೆಸರಿಗಿಂತ ಕೆಳಗೆ ಸಣ್ಣದಾಗಿ ಬರೆದಿರುವ ಔಷಧದ ಹೆಸರನ್ನು ಓದಿರಿ. ಫಿಪ್ರೊನಿಲ್ ಹನಿಔಷಧಿ ಹಲವು ಕಂಪನಿಗಳದ್ದು ಸಿಗುತ್ತದೆ, ಬೆಲೆ ಬೇರೆಬೇರೆ. ಕೊರಳಪಟ್ಟಿಯಾದರೆ ಬೆಲೆಯನ್ನು ಅದು ಕೆಲಸ ಮಾಡುವ ತಿಂಗಳುಗಳಿಂದ ಭಾಗಿಸಿ ನೋಡಿರಿ. ದುಬಾರಿ ಎನಿಸಿದ ಪಟ್ಟಿಯೇ ಕೆಲವೊಮ್ಮೆ ಅಗ್ಗವಾಗಿರುತ್ತದೆ. ಹನಿ ಹಾಕುವ ಎರಡು ದಿನ ಮೊದಲು ಮತ್ತು ಎರಡು ದಿನ ನಂತರ ಸ್ನಾನ ಬೇಡ, ಹಾಕಿದ ದುಡ್ಡು ತೊಳೆದುಹೋಗುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಇರುವ ನಾಯಿ ಔಷಧಿಯನ್ನು ತರಲೇಬೇಡಿ, ಬೆಕ್ಕಿಗೆ ಅದು ವಿಷ.

ಜಂತುಹುಳುವಿನ ಮಾತ್ರೆಯಲ್ಲಿ ಉಳಿತಾಯ ಸುಲಭ. ನಾಯಿಗೆ ಸಿಗುವ ಸಾಮಾನ್ಯ ಮಾತ್ರೆ 10 ಕಿಲೋ ತೂಕಕ್ಕೆ ಒಂದು. ನೀವು ತೂಕದ ಯಂತ್ರದ ಮೇಲೆ ಒಮ್ಮೆ ನಿಂತು, ನಾಯಿಯನ್ನು ಎತ್ತಿಕೊಂಡು ಇನ್ನೊಮ್ಮೆ ನಿಂತು, ವ್ಯತ್ಯಾಸ ತೆಗೆಯಿರಿ. ಐದು ಕಿಲೋ ಇದ್ದರೆ ಅರ್ಧ ಮಾತ್ರೆ ಸಾಕು. ಮೂರು ತಿಂಗಳಿಗೊಮ್ಮೆ ಎಂದರೆ ವರ್ಷಕ್ಕೆ ಎರಡೇ ಮಾತ್ರೆ. ಮನೆಯಲ್ಲಿ ಇಂಥವೇ ಎರಡು ನಾಯಿಗಳಿದ್ದರೆ ಒಂದೇ ದಿನ ಒಂದು ಮಾತ್ರೆ ಮುರಿದು ಕೊಡಿರಿ. ನಾಯಿಯ ಗುದದ ಸುತ್ತ ಅಕ್ಕಿಕಾಳಿನಂಥ ತುಣುಕು ಕಂಡರೆ ಅದು ಚಿಗಟದಿಂದ ಬರುವ ಲಾಡಿಹುಳು. ಆಗ ಚಿಗಟಕ್ಕೂ ಔಷಧಿ ಮಾಡದೆ ಮಾತ್ರೆ ಮಾತ್ರ ಕೊಟ್ಟರೆ ಮತ್ತೆ ಬರುತ್ತದೆ.

ಉಳಿಸಬಾರದ ಜಾಗ ಯಾವುದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಸದಸ್ಯರು ಹೋರಿಗೆ ತಂದು ಉಳಿದಿದ್ದ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ನಾಲ್ಕು ಕಿಲೋ ನಾಯಿಗೆ ಅಂದಾಜಿನಲ್ಲಿ 1 ಎಂ.ಎಲ್. ಕೊಟ್ಟಿದ್ದರು. ದನದ ಆ ಔಷಧಿ 50 ಕಿಲೋಗೆ 1 ಎಂ.ಎಲ್. ಲೆಕ್ಕದ್ದು. ಹನ್ನೆರಡು ಪಟ್ಟು ಮೀರಿಹೋಗಿತ್ತು. ನಾನು ತಲುಪುವಷ್ಟರಲ್ಲಿ ನಾಯಿಗೆ ಕಣ್ಣು ಕಾಣುತ್ತಿರಲಿಲ್ಲ, ಮೈ ನಡುಗುತ್ತಿತ್ತು. ಅದಕ್ಕೆ ಪ್ರತ್ಯೌಷಧವಿಲ್ಲ. ಮೂರನೆಯ ದಿನ ಸತ್ತಿತು. ಅವರ ಮಗಳು ಶಾಲೆಗೆ ಹೋಗದೆ ಅದರ ಪಕ್ಕದಲ್ಲಿಯೇ ಕುಳಿತಿದ್ದಳು. ಹಾಲು ಕರೆಯುವ ಹಸುವಿಗೂ ಈ ಚುಚ್ಚುಮದ್ದು ಸಲ್ಲದು, ಔಷಧದ ಅಂಶ ಹಾಲಿನಲ್ಲಿ ಬರುತ್ತದೆ. ಹಾಗೆಯೇ ದೊಡ್ಡ ನಾಯಿಯ ಹನಿಔಷಧಿ ತಂದು ಕಣ್ಣಳತೆಯಲ್ಲಿ ಪಾಲು ಮಾಡಬೇಡಿ. ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು ಹಚ್ಚಬೇಡಿ, ನಾಯಿ ನೆಕ್ಕಿ ಕುಡಿಯುತ್ತದೆ.

ಮನೆಯಲ್ಲಿ ನಾಯಿ ಮರಿ ಹಾಕಿದ್ದರೆ ಲೆಕ್ಕ ಬೇರೆ. ದುಂಡುಹುಳು ತಾಯಿಯ ಗರ್ಭದಲ್ಲಿಯೇ ಮರಿಗೆ ಬರುತ್ತದೆ, ಕೊಕ್ಕೆಹುಳು ಹಾಲಿನ ಮೂಲಕ ಬರುತ್ತದೆ. ಎರಡು ವಾರ ತುಂಬಿದ ಮೇಲೆ ಹದಿನೈದು ದಿನಕ್ಕೊಮ್ಮೆ ಎಂಟು ವಾರದವರೆಗೆ, ನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಔಷಧಿ ಕೊಡತಕ್ಕದ್ದು. ಈ ಮರಿಗಳ ಮಲ ಬಿದ್ದ ಅಂಗಳದಲ್ಲಿಯೇ ನಿಮ್ಮ ಮಕ್ಕಳು ಆಡುವುದು.

ಕೊನೆಗೆ ಹಸುವಿನ ವಿಷಯಕ್ಕೇ ಬರುತ್ತೇನೆ. ಹಸು ಕರು ಹಾಕಿದ ಮೇಲೆ ಬಿದ್ದ ಕಸವನ್ನು (ಮಾಸು) ನಾಯಿಗೆ ಎಸೆಯಬೇಡಿ. ಅದರ ಮೂಲಕ ನಿಯೋಸ್ಪೊರ ಎಂಬ ಪರೋಪಜೀವಿ ನಾಯಿಯ ಹೊಟ್ಟೆ ಸೇರಿ, ಮಲದಲ್ಲಿ ಹೊರಬಂದು, ಹುಲ್ಲಿನ ಜೊತೆ ಹಸುವಿಗೆ ಹೋದರೆ ಗಬ್ಬ ಕಂದು ಹಾಕುತ್ತದೆ. ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿರಿ. ಹುಲ್ಲಿನ ಬಣವೆಯ ಬುಡದಲ್ಲಿ ನಾಯಿ ಮಲಗುವ ಅಭ್ಯಾಸವಿದ್ದರೆ ಅದರ ಗೋಣಿಯನ್ನು ಈ ವಾರವೇ ಬೇರೆ ಕಡೆಗೆ ಹಾಕಿರಿ.