ಮಕ್ಕಳ ಬಳಿಗೆ ಹೋಗುವ ಹಿರಿಯರು ಮತ್ತು ವೀಸಾ: ಕೆಲವು ವಿಚಾರಗಳು

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆಯ ಹಳೆಯ ದಿನಗಳನ್ನು ಕುರಿತು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣವುಂಟು. ನಮ್ಮ ಶಾಲೆಯ ಮೊದಲ ತಂಡಗಳಲ್ಲಿ ಕಲಿತ ಮಕ್ಕಳಿಗೆ ಈಗ ಅರವತ್ತು ಸಮೀಪಿಸಿದೆ. ಅವರ ಮಕ್ಕಳು ಹೈದರಾಬಾದು, ಬೆಂಗಳೂರುಗಳಲ್ಲಿ ಓದಿ ಅಮೆರಿಕಾ, ಆಸ್ಟ್ರೇಲಿಯಾ, ಕೊಲ್ಲಿ ದೇಶಗಳನ್ನು ಸೇರಿದ್ದಾರೆ. ಒಂದು ಕಾಲಕ್ಕೆ ನಮ್ಮ ಸೀಮೆಯಿಂದ ಹೊರಗೆ ಹೋಗುವವರೆಂದರೆ ಅಣೆಕಟ್ಟು, ಕಾಲುವೆಗಳ ಕೆಲಸಕ್ಕೆ ಗುಂಪುಗುಂಪಾಗಿ ಹೊರಟ ಪಾಲಮೂರು ಕೂಲಿಗಳೇ ಆಗಿದ್ದರು. ಈಗ ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದು ಕುಳಿತು, "ಸರ್, ಹುಡುಗ ಬರ್ರಿ ಅಂತಾನ್ರಿ. ನಾವಿಬ್ರೂ ಹೋಗಿ ಅಲ್ಲೇ ಇರಬಹುದೇನ್ರಿ?" ಎಂದು ಕೇಳುತ್ತಾರೆ. ನಾನು ವಕೀಲನಲ್ಲ, ಏಜೆಂಟನೂ ಅಲ್ಲ. ಕಾಗದಪತ್ರಗಳನ್ನು ಎಚ್ಚರದಿಂದ ಓದುವ ಅಭ್ಯಾಸವುಳ್ಳ ಒಬ್ಬ ನಿವೃತ್ತ ಶಿಕ್ಷಕ, ಅಷ್ಟೇ. ಓದಿ ತಿಳಿದುಕೊಂಡುದನ್ನು ಇಲ್ಲಿ ಹೇಳುತ್ತೇನೆ. ಶುಲ್ಕ, ನಮೂನೆಗಳು ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಆಯಾ ದೇಶದ ಸರ್ಕಾರಿ ಪ್ರಕಟಣೆಯನ್ನೇ ನೋಡಿಕೊಳ್ಳತಕ್ಕದ್ದು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. "ನಿವೃತ್ತರಿಗೆಂದೇ ಒಂದು ವೀಸಾ ಇದೆಯಂತೆ" ಎಂಬ ಮಾತು ನಮ್ಮಲ್ಲಿ ಪ್ರಚಾರದಲ್ಲಿದೆ. ನಮ್ಮವರು ಅತಿ ಹೆಚ್ಚು ಹೋಗಬಯಸುವ ಅಮೆರಿಕಾದಲ್ಲಿ ಅಂತಹ ವೀಸಾ ಇಲ್ಲವೇ ಇಲ್ಲ. ಬ್ರಿಟನ್ನಿನಲ್ಲಿ ಸ್ವಂತ ವರಮಾನವುಳ್ಳ ನಿವೃತ್ತರಿಗೆ ಒಂದು ದಾರಿ ಇದ್ದಿತು. ಅದನ್ನು 2008ರಲ್ಲಿ ಮುಚ್ಚಿದರು. ಆಸ್ಟ್ರೇಲಿಯಾದ ಹೂಡಿಕೆದಾರ ನಿವೃತ್ತರ ವೀಸಾ 2018ರಲ್ಲಿ ಹೊಸಬರಿಗೆ ನಿಂತುಹೋಯಿತು. ಇಂದು ಅಂತಹ ವೀಸಾ ಕೊಡುವ ದೇಶಗಳಲ್ಲಿ ಥಾಯ್ಲೆಂಡ್ ಒಂದು. ಐವತ್ತು ತುಂಬಿರಬೇಕು, ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಲ್ಲವೆ ತಿಂಗಳಿಗೆ 65,000 ಬಾತ್ ವರಮಾನವಿರಬೇಕು. ಪತ್ನಿಗೆ ಐವತ್ತಾಗಿಲ್ಲದಿದ್ದರೆ ಆಕೆಗೆ ಪತಿಯ ಅವಲಂಬಿತಳೆಂದು ಬೇರೆ ವರ್ಗದ ವೀಸಾ ಕೊಡುತ್ತಾರೆ. ಸಂಯುಕ್ತ ಅರಬ್ ಎಮಿರೇಟ್ಸ್ 55 ದಾಟಿದವರಿಗೆ ಐದು ವರ್ಷಗಳ ನಿವೃತ್ತಿ ವೀಸಾ ಕೊಡುತ್ತದೆ. ಅದಕ್ಕೆ ಹತ್ತು ಲಕ್ಷ ದಿರ್ಹಮ್ ಬೆಲೆಯ ಆಸ್ತಿ ಅಥವಾ ಅಷ್ಟೇ ಉಳಿತಾಯ, ಅದೂ ಇಲ್ಲದಿದ್ದರೆ ದೊಡ್ಡ ಮಾಸಿಕ ವರಮಾನ ಬೇಕು. ಜಿಲ್ಲಾ ಪರಿಷತ್ ಶಾಲೆಯ ಪಿಂಚಣಿದಾರನಿಗೆ ಇವೆಲ್ಲ ದೂರದ ಬೆಟ್ಟಗಳೇ. ಆದುದರಿಂದ ನಮಗೆ ಉಳಿಯುವ ಮಾರ್ಗ ಮಕ್ಕಳ ಮೂಲಕ ಹೋಗುವುದೊಂದೇ.

ಅಮೆರಿಕಾದ ವಿಷಯದಲ್ಲಿ ಎಲ್ಲವೂ ಮಗನ ಅಥವಾ ಮಗಳ ಸ್ಥಿತಿಯನ್ನು ಅವಲಂಬಿಸಿದೆ. ಮಗನು ಎಚ್-1ಬಿ ಎಂಬ ಉದ್ಯೋಗದ ವೀಸಾದಲ್ಲಿದ್ದರೆ ಅವನ ಅವಲಂಬಿತರೆಂದರೆ ಹೆಂಡತಿ ಮತ್ತು 21 ವರ್ಷದೊಳಗಿನ ಅವಿವಾಹಿತ ಮಕ್ಕಳು ಮಾತ್ರ. ಅವರಿಗೆ ಎಚ್-4 ವೀಸಾ ದೊರೆಯುತ್ತದೆ. ತಂದೆತಾಯಿಗಳು ಅವನ ಅನ್ನವನ್ನೇ ಉಣ್ಣುತ್ತಿದ್ದರೂ ಆ ಕಾನೂನಿನ ಕಣ್ಣಿಗೆ ಅವಲಂಬಿತರಲ್ಲ! ಮುಂದೆ ಅವನಿಗೆ ಗ್ರೀನ್ ಕಾರ್ಡ್ ಬಂದರೂ ತಂದೆತಾಯಿಗಳನ್ನು ಕಾಯಂ ಆಗಿ ಕರೆಸಿಕೊಳ್ಳಲು ಬರುವುದಿಲ್ಲ. ಅವನು ಅಲ್ಲಿಯ ಪೌರನಾಗಿರಬೇಕು, 21 ವರ್ಷ ತುಂಬಿರಬೇಕು. ಭಾರತದಲ್ಲಿ ಹುಟ್ಟಿದ ನೌಕರರು ಗ್ರೀನ್ ಕಾರ್ಡಿಗಾಗಿ ಅನೇಕ ವರ್ಷ ಕಾಯಬೇಕಾಗಿದೆ. ಅದು ಬಂದ ಮೇಲೆ ಸಾಮಾನ್ಯವಾಗಿ ಇನ್ನೂ ಐದು ವರ್ಷ ಕಳೆದ ನಂತರವೇ ಪೌರತ್ವ. ಆದ್ದರಿಂದ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಮಗ "ಬರ್ರಿ" ಎಂದರೆ, ಅದು ಅತಿಥಿಯಾಗಿ ಬನ್ನಿ ಎಂಬ ಅರ್ಥದ ಕರೆಯೆಂದೇ ತಿಳಿಯಬೇಕು.

ಸೊಸೆಯಂದಿರ ಬಗೆಗೆ ಒಂದು ಮಾತು. ಎಚ್-4 ವೀಸಾದಲ್ಲಿ ಹೋದ ಹೆಣ್ಣುಮಗಳು ಎಷ್ಟೇ ಓದಿರಲಿ, ಕೆಲಸ ಮಾಡುವ ಹಕ್ಕು ತಾನಾಗಿ ಬರುವುದಿಲ್ಲ. 2015ರ ಮೇ ತಿಂಗಳಿನಿಂದ, ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತವನ್ನು ಮುಟ್ಟಿದ್ದರೆ, ಆಕೆ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದಾಗಿದೆ. ಸಂಬಂಧ ನೋಡುವಾಗಲೇ ಇದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಜಾತಕಕ್ಕಿಂತ ಇದು ಮುಖ್ಯವೆಂದು ನನ್ನ ಅಭಿಪ್ರಾಯ.

ಇನ್ನು ಮಗ ಪೌರನಾದ ಎಂದಿಟ್ಟುಕೊಳ್ಳೋಣ. ಅವನು ಐ-130 ಎಂಬ ಅರ್ಜಿಯನ್ನು ಸಲ್ಲಿಸಬೇಕು. ಇಲ್ಲಿಯೇ ನಮ್ಮವರು ಎಡವುವುದು. ತಂದೆಗೊಂದು ಅರ್ಜಿ ಹಾಕಿದರೆ ತಾಯಿ ಪತ್ನಿಯ ಲೆಕ್ಕದಲ್ಲಿ ಜೊತೆಗೆ ಬರುತ್ತಾಳೆಂದು ಭಾವಿಸುತ್ತಾರೆ. ಹಾಗಿಲ್ಲ. ಪೌರರ ತಂದೆತಾಯಿಗಳ ವರ್ಗದಲ್ಲಿ ಅವಲಂಬಿತ ಪತ್ನಿ ಎಂಬ ಸ್ಥಾನವೇ ಇಲ್ಲ. ತಂದೆಗೆ ಒಂದು, ತಾಯಿಗೆ ಒಂದು, ಹೀಗೆ ಎರಡು ಪ್ರತ್ಯೇಕ ಅರ್ಜಿಗಳು, ಎರಡು ಶುಲ್ಕಗಳು. ನನಗೆ ತಿಳಿದ ಒಂದು ಕುಟುಂಬದಲ್ಲಿ ಯಜಮಾನರ ಕಾಗದವೆಲ್ಲ ಸಿದ್ಧವಾಗಿ ಸಂದರ್ಶನದ ದಿನ ಬಂದಾಗ, ಮನೆಯವರ ಹೆಸರಿನಲ್ಲಿ ಅರ್ಜಿಯೇ ಹೋಗಿಲ್ಲವೆಂಬುದು ಗೊತ್ತಾಯಿತು. ನಲವತ್ತು ವರ್ಷ ಒಂದು ರಾತ್ರಿಯೂ ಅಗಲಿರದ ದಂಪತಿಗಳು ಒಂದು ವರ್ಷಕ್ಕೂ ಮೇಲೆ ಬೇರೆಬೇರೆಯಾಗಿ ಇರಬೇಕಾಯಿತು. ಆ ತಾಯಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಸೂಜಿಯನ್ನು ದಿನವೂ ಹಾಕುತ್ತಿದ್ದವರು ಆ ಯಜಮಾನರೇ. ಕೊನೆಗೆ ಪಕ್ಕದ ಮನೆಯ ಹುಡುಗಿ ಆ ಕೆಲಸವನ್ನು ವಹಿಸಿಕೊಂಡಳು. ಮಲತಾಯಿ ಅಥವಾ ಮಲತಂದೆ ಇದ್ದಲ್ಲಿ, ಆ ಮದುವೆ ಮಗುವಿಗೆ 18 ತುಂಬುವ ಮೊದಲು ಆಗಿರಬೇಕೆಂಬ ನಿಯಮವೂ ಉಂಟು.

ಅರ್ಜಿಯೊಡನೆ ಮಗನು ಐ-864 ಎಂಬ ಪ್ರಮಾಣಪತ್ರದಲ್ಲಿ ಪಾಲನೆಯ ಹೊಣೆ ಹೊರಬೇಕು. ತಂದೆತಾಯಿಗಳನ್ನೂ ಸೇರಿಸಿ ಮನೆಯ ತಲೆಗಳನ್ನು ಎಣಿಸಿ, ಅಲ್ಲಿಯ ಬಡತನ ರೇಖೆಯ ನೂರಕ್ಕೆ 125ರಷ್ಟು ವರಮಾನ ತೋರಿಸಬೇಕು. ಈ ಹೊಣೆ ಬಹುಕಾಲ ಉಳಿಯುವ ಕಾನೂನುಬದ್ಧ ಕರಾರು. ಸಂದರ್ಶನ ನಡೆಯುವುದು ಹೈದರಾಬಾದಿನಲ್ಲಲ್ಲ. ಅಲ್ಲಿಯ ಕಾನ್ಸುಲೇಟು 2008ರಲ್ಲಿ ಪೈಗಾ ಅರಮನೆಯಲ್ಲಿ ಆರಂಭವಾಗಿ 2023ರಲ್ಲಿ ನಾನಕ್‌ರಾಮಗುಡದ ಹೊಸ ಕಟ್ಟಡಕ್ಕೆ ಹೋಯಿತು. ಪ್ರವಾಸಿ, ವಿದ್ಯಾರ್ಥಿ, ನೌಕರರ ವೀಸಾಗಳಿಗೆ ಅದು ಅನುಕೂಲ. ಕಾಯಂ ನೆಲೆಸುವವರು ಮುಂಬಯಿ ಇಲ್ಲವೆ ದೆಹಲಿಗೆ ಹೋಗಬೇಕು. ಚಿಲಕೂರು ಬಾಲಾಜಿಗೆ ಹನ್ನೊಂದು ಪ್ರದಕ್ಷಿಣೆ ಹಾಕಿ, ವೀಸಾ ಬಂದ ಮೇಲೆ ನೂರೆಂಟು ಹಾಕುವ ಪದ್ಧತಿಯನ್ನು ನಾನು ಹೀಗಳೆಯುವುದಿಲ್ಲ. ಆದರೆ ಅದಕ್ಕೆ ಮೊದಲು ಕಾಗದಗಳನ್ನು ಒಂದಕ್ಕೊಂದು ತಾಳೆ ನೋಡಿರಬೇಕು.

ಕಾಗದಗಳ ವಿಷಯವೇ ನಮ್ಮ ಊರಿನವರಿಗೆ ದೊಡ್ಡ ತೊಡಕು. ಜನನ ಮರಣ ನೋಂದಣಿ ಕಾಯಿದೆ 1969ರದು. ಅದಕ್ಕೆ ಮೊದಲು ಹುಟ್ಟಿದ ಹಳ್ಳಿಯವರಲ್ಲಿ ಜನನ ಪತ್ರವಿದ್ದವರು ವಿರಳ. ಅಮೆರಿಕಾದವರು ಇದನ್ನು ಬಲ್ಲರು. 1970ರ ಏಪ್ರಿಲ್ 1ಕ್ಕಿಂತ ಮೊದಲು ಹುಟ್ಟಿದವರು, ಜನನ ದಾಖಲೆ ಲಭ್ಯವಿಲ್ಲವೆಂಬ ಸ್ಥಳೀಯ ಅಧಿಕಾರಿಯ ಪತ್ರದೊಡನೆ ಶಾಲೆಯ ಪ್ರಮಾಣಪತ್ರ, ಹಿರಿಯ ಬಂಧುಗಳ ಅಫಿಡವಿಟ್ ಮೊದಲಾದವುಗಳನ್ನು ಕೊಡಬಹುದು. ಹೀಗಾಗಿ ನಮ್ಮ ಶಾಲೆಯ ದಾಖಲಾತಿ ರಿಜಿಸ್ಟರು ಐವತ್ತು ವರ್ಷಗಳ ನಂತರ ಸಮುದ್ರದಾಚೆಯ ಅಧಿಕಾರಿಯ ಮುಂದೆ ಸಾಕ್ಷಿ ಹೇಳುತ್ತಿದೆ. ಆ ಕಾಲದಲ್ಲಿ ಮಗುವಿನ ತಾರೀಖು ತಿಳಿಯದಿದ್ದರೆ ಜೂನ್ 1 ಎಂದು ಬರೆಯುವುದು ಹಲವು ಶಾಲೆಗಳ ವಾಡಿಕೆಯಾಗಿತ್ತು. ಒಂದೇ ತರಗತಿಯ ಹತ್ತು ಮಂದಿಯ ಜನ್ಮದಿನ ಒಂದೇ ಆದುದರಿಂದ ಯಾರ ವೀಸಾವೂ ನಿಲ್ಲುವುದಿಲ್ಲ. ನಿಲ್ಲುವುದು, ಟಿ.ಸಿ.ಯಲ್ಲಿ ಒಂದು, ಆಧಾರದಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ತಾರೀಖು ಇದ್ದಾಗ.

ಹೆಸರುಗಳದು ಇನ್ನೂ ಸೊಗಸು. ಕನ್ನಡ ಶಾಲೆಯಲ್ಲಿ ಈರಮ್ಮ, ತೆಲುಗು ರೇಷನ್ ಕಾರ್ಡಿನಲ್ಲಿ ವೀರಮ್ಮ, ಗಂಡನ ಪಿಂಚಣಿ ಪುಸ್ತಕದಲ್ಲಿ ಈರವ್ವ. ಮೂವರೂ ಒಬ್ಬಳೇ ಎಂಬುದು ನಾರ್ವಕ್ಕೆಲ್ಲ ಗೊತ್ತು. ಮುಂಬಯಿಯ ಕಿಟಕಿಯ ಹಿಂದೆ ಕುಳಿತವರಿಗೆ ಗೊತ್ತಿಲ್ಲ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು 'ವಿ' ಹಾಕಿ, ಮತ್ತೊಬ್ಬರು 'ಡಬ್ಲ್ಯು' ಹಾಕಿ ಬರೆಯುತ್ತಾರೆ. ಮಕ್ತಲಿಗೆ 'ಎಚ್' ಇರುವುದೂ ಉಂಟು, ಇಲ್ಲದಿರುವುದೂ ಉಂಟು. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗವನ್ನು ಖಾಲಿ ಬಿಡುವುದೂ ಅಪಾಯ. 2022ರ ನವೆಂಬರಿನಿಂದ ಎಮಿರೇಟ್ಸ್‌ನವರು ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡಲು ಒಪ್ಪುತ್ತಿಲ್ಲ.

ಹುಟ್ಟಿದ ಸ್ಥಳದ ಪ್ರಶ್ನೆಯೂ ಸರಳವಲ್ಲ. 1950ರಲ್ಲಿ ಗದ್ವಾಲದಲ್ಲಿ ಹುಟ್ಟಿದವರು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯವರು. 1956ರ ನವೆಂಬರಿನಲ್ಲಿ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿದರು, 2014ರಲ್ಲಿ ತೆಲಂಗಾಣದವರಾದರು, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯವರಾದರು. ನಾರ್ವ, ಮಕ್ತಲಿನವರು 2019ರ ಫೆಬ್ರವರಿಯಲ್ಲಿ ನಾರಾಯಣಪೇಟ ಜಿಲ್ಲೆಗೆ ಬಂದರು. ಮನೆ ಬಿಟ್ಟು ಕದಲದೆ ಇಷ್ಟು ಪ್ರಯಾಣ! ಇದನ್ನು ವಿವರಿಸುವ ನಾಲ್ಕು ಸಾಲಿನ ಪತ್ರವೊಂದನ್ನು ಅರ್ಜಿಯೊಡನೆ ಇಡುವುದು ಕ್ಷೇಮ. ಎಪ್ಪತ್ತೈದು ದಾಟಿದವರ ಕೆಲವು ಕಾಗದಗಳು ಉರ್ದುವಿನಲ್ಲಿದ್ದು ಫಸಲಿ ವರ್ಷವನ್ನು ತೋರಿಸುತ್ತವೆ. ನಿಜಾಮರ ಫಸಲಿ ವರ್ಷ ಅಕ್ಟೋಬರಿನಲ್ಲಿ ತೊಡಗುತ್ತಿದ್ದುದರಿಂದ, ಅಕ್ಟೋಬರಿನಿಂದ ಡಿಸೆಂಬರದವರೆಗೆ 590, ಜನವರಿಯ ನಂತರ 591 ಕೂಡಿಸಿದರೆ ಇಸವಿ ಸಿಗುತ್ತದೆ.

ಪತಿಪತ್ನಿ ಎಂಬುದಕ್ಕೆ ಪುರಾವೆ ಬೇಕೆಂದರೆ ನಮ್ಮ ಹಿರಿಯರಿಗೆ ಸಿಟ್ಟು ಬರುತ್ತದೆ. 2016ರ ಡಿಸೆಂಬರಿನಿಂದ ಪಾಸ್‌ಪೋರ್ಟಿಗೆ ವಿವಾಹ ಪತ್ರ ಬೇಕಿಲ್ಲ, ನಿಜ. ಆದರೆ ವೀಸಾದವರು ಕೇಳುತ್ತಾರೆ. ಆಂಧ್ರಪ್ರದೇಶದಲ್ಲಿ ವಿವಾಹ ನೋಂದಣಿ ಕಡ್ಡಾಯವಾದುದು 2002ರ ಕಾಯಿದೆಯಿಂದ. ಅದಕ್ಕೆ ಹಿಂದೆ ಮದುವೆಯಾದವರು ಈಗ 1955ರ ಹಿಂದೂ ವಿವಾಹ ಕಾಯಿದೆಯಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬಹುದು. ಮೊಮ್ಮಕ್ಕಳ ಕೈಹಿಡಿದು ಮದುವೆಯ ದಾಖಲೆಗೆ ರುಜು ಹಾಕುವುದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಕನ್ನಡ, ತೆಲುಗು ಪತ್ರಗಳಿಗೆ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ತಾಯಿ ಹತ್ತನೆಯ ತರಗತಿ ಓದಿಲ್ಲವೆಂದು ಅಂಜುವ ಕಾರಣವಿಲ್ಲ: ಐವತ್ತು ದಾಟಿದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಮುದ್ರೆ ಬೀಳುವುದಿಲ್ಲ.

ಪ್ರವಾಸಿ ವೀಸಾದ ಬಗೆಗೆ ಒಂದು ಹೋಲಿಕೆ ಹೇಳುತ್ತೇನೆ. ಹತ್ತು ವರ್ಷದ ವೀಸಾ ಸಿಕ್ಕಿತೆಂದರೆ ಹತ್ತು ವರ್ಷ ಇರಬಹುದೆಂದಲ್ಲ. ವಿದ್ಯಾರ್ಥಿಯ ಬಸ್ ಪಾಸು ವರ್ಷವಿಡೀ ನಡೆಯುತ್ತದೆಂದು ಬಸ್ಸಿನಲ್ಲಿಯೇ ಮಲಗಲಾದೀತೆ? ಎಷ್ಟು ದಿನ ಇರಬಹುದೆಂಬುದನ್ನು ಅಲ್ಲಿಯ ವಿಮಾನ ನಿಲ್ದಾಣದ ಅಧಿಕಾರಿ ನಿರ್ಧರಿಸುತ್ತಾನೆ. ಸಾಮಾನ್ಯವಾಗಿ ಆರು ತಿಂಗಳು. ಅದು ಮೀರಿದರೆ ಮುಂದಿನ ಬಾಗಿಲು ಮುಚ್ಚುತ್ತದೆ. ಮೊದಲು 79 ದಾಟಿದವರಿಗೆ ಸಂದರ್ಶನದ ವಿನಾಯಿತಿ ಇದ್ದಿತು. 2025ರ ಸೆಪ್ಟೆಂಬರಿನಿಂದ ಅದು ಸಾಮಾನ್ಯವಾಗಿ ಇಲ್ಲ.

ಬೇರೆ ದೇಶಗಳನ್ನು ಸಂಕ್ಷೇಪವಾಗಿ ಹೇಳುವೆನು. ಕೆನಡಾದ ಸೂಪರ್ ವೀಸಾ 2011ರಲ್ಲಿ ಬಂದಿತು; 2022ರ ಜುಲೈಯಿಂದ ಒಮ್ಮೆ ಹೋದರೆ ಐದು ವರ್ಷದವರೆಗೆ ಇರಲು ಅವಕಾಶ. ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಕಡ್ಡಾಯ. ನನ್ನ ದೃಷ್ಟಿಯಲ್ಲಿ ಹಿರಿಯರಿಗೆ ಇದು ಅತ್ಯಂತ ವಿವೇಕದ ಏರ್ಪಾಟು. ಆಸ್ಟ್ರೇಲಿಯಾದಲ್ಲಿ ಮಕ್ಕಳಲ್ಲಿ ಅರ್ಧದಷ್ಟಾದರೂ ಅಲ್ಲಿ ನೆಲೆಸಿರಬೇಕೆಂಬ ಲೆಕ್ಕವಿದೆ. ಸಾಧಾರಣ ಸರದಿಯಲ್ಲಿ ನಿಂತರೆ ಸುಮಾರು ಮೂವತ್ತು ವರ್ಷ ಕಾಯಬೇಕು; ಅರವತ್ತರ ಮನುಷ್ಯನಿಗೆ ಇದನ್ನು ಹೇಗೆ ಹೇಳುವುದು? ಹಣ ಕಟ್ಟಿ ಹೋಗುವ ಸರದಿಯೂ ಉದ್ದವೇ, ಮೇಲಾಗಿ ತಲೆಗೆ 43,000 ಡಾಲರಿಗೂ ಅಧಿಕ. ಬ್ರಿಟನ್ 2012ರ ನಂತರ, ದಿನನಿತ್ಯದ ಕೆಲಸಗಳಿಗೂ ಬೇರೊಬ್ಬರ ಆರೈಕೆ ಬೇಕಾದ ಸ್ಥಿತಿ ಇದ್ದು ಅದು ಊರಿನಲ್ಲಿ ದೊರೆಯದಿದ್ದರೆ ಮಾತ್ರ ತಂದೆತಾಯಿಗಳನ್ನು ಸೇರಿಸಿಕೊಳ್ಳುತ್ತದೆ. ಎಮಿರೇಟ್ಸ್‌ನಲ್ಲಿ ದುಡಿಯುವ ಮಗ ತಂದೆತಾಯಿಗಳನ್ನು ವರ್ಷ ವರ್ಷಕ್ಕೆ ನವೀಕರಿಸುವ ಪರವಾನಗಿಯ ಮೇಲೆ ಇಟ್ಟುಕೊಳ್ಳಬಹುದು. ಅಲ್ಲಿಯ ರೀತಿ ಅಮೆರಿಕಾಕ್ಕೆ ವಿರುದ್ಧ: ಇಬ್ಬರೂ ಇದ್ದಲ್ಲಿ ಇಬ್ಬರನ್ನೂ ಒಟ್ಟಿಗೆ ಕರೆಸಬೇಕು.

ಗ್ರೀನ್ ಕಾರ್ಡ್ ಸಿಕ್ಕ ಹಿರಿಯರು ಮಳೆಗಾಲಕ್ಕೆ ಹೊಲ ನೋಡಲು ಬಂದು ಇಲ್ಲಿಯೇ ಉಳಿದುಬಿಡುವುದುಂಟು. ಮರುಪ್ರವೇಶದ ಪರವಾನಗಿಯಿಲ್ಲದೆ ಒಂದು ವರ್ಷ ಮೀರಿದರೆ ಆ ಕಾರ್ಡನ್ನು ತ್ಯಜಿಸಿದಂತೆ ಎಣಿಸುತ್ತಾರೆ. ಅಲ್ಲಿ ವೃದ್ಧರಿಗಿರುವ ಮೆಡಿಕೇರ್ ವಿಮೆಯನ್ನು ಹಣ ಕೊಟ್ಟು ಪಡೆಯಲು ಸಹ ಐದು ವರ್ಷಗಳ ವಾಸ ಬೇಕು. ಅಲ್ಲಿಯವರೆಗೆ ಖಾಸಗಿ ವಿಮೆಯ ವೆಚ್ಚ ಮಗನ ಮೇಲೆ. ರಾಯಚೂರಿನ ವೈದ್ಯರಲ್ಲಿಗೆ ಬೆಳಿಗ್ಗೆ ಹೋಗಿ ಸಂಜೆಗೆ ಬರುವ ನಮಗೆ ಇದು ಹೊರಡುವ ಮುನ್ನ ಹೊಳೆಯುವುದಿಲ್ಲ. ಆರೋಗ್ಯ ನೆಟ್ಟಗಿದ್ದು ಇಲ್ಲಿ ನೋಡುವವರಿರುವವರಿಗೆ, ಆರು ತಿಂಗಳು ಹೋಗಿ ಮೊಮ್ಮಕ್ಕಳೊಡನೆ ಇದ್ದು ಬರುವುದೇ ಸಾಕೆಂದು ನಾನು ಹೇಳುತ್ತೇನೆ. ಒಬ್ಬರೇ ಉಳಿದವರ ಮಾತು ಬೇರೆ. ಅವರಿಗೆ ಎಷ್ಟು ತೊಡಕಾದರೂ ಕಾಯಂ ಅರ್ಜಿಯೇ ಸರಿ.

ಜಮೀನಿನ ಬಗೆಗೆ ಬಹಳ ಮಂದಿ ಕೇಳುತ್ತಾರೆ. ಅನಿವಾಸಿಯಾದರೂ ಮೊದಲಿನಿಂದ ಇದ್ದ ಹೊಲವನ್ನು ಇಟ್ಟುಕೊಳ್ಳಬಹುದು. ಹೊಸದಾಗಿ ಕೃಷಿಭೂಮಿ ಕೊಳ್ಳಲು ಬರುವುದಿಲ್ಲ. ಉಳಿತಾಯ ಖಾತೆಯನ್ನು ಅನಿವಾಸಿಗಳ ಸಾಧಾರಣ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಪಿಂಚಣಿದಾರರು ಪ್ರತಿವರ್ಷದ ಜೀವಿತ ಪ್ರಮಾಣಪತ್ರವನ್ನು ಮರೆಯಬಾರದು. ವಿದೇಶದಲ್ಲಿದ್ದರೆ ಭಾರತದ ರಾಯಭಾರ ಕಚೇರಿಯ ಅಧಿಕಾರಿಯ ದೃಢೀಕರಣ ನಡೆಯುತ್ತದೆ. ಹೊರಡುವ ಮೊದಲೇ ಪಿಂಚಣಿ ಆದೇಶದಲ್ಲಿರುವ ಪತ್ನಿಯ ಹೆಸರು ಆಕೆಯ ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ತಿದ್ದಿಸಿಕೊಳ್ಳಿ. ಯಜಮಾನರ ನಂತರ ಕುಟುಂಬ ಪಿಂಚಣಿ ಪಡೆಯಬೇಕಾದವಳು ಆಕೆಯೇ, ಆಗ ದೂರದೇಶದಿಂದ ಈ ತಿದ್ದುಪಡಿ ಮಾಡಿಸಲು ಓಡಾಡುವವರು ಯಾರೂ ಇರುವುದಿಲ್ಲ.