ಬಿಟ್ಟಿನ ಮೊನೆಗೆ ಬೇಕು ಬೆಳಕು

ಪೀಣ್ಯದ ನಮ್ಮ ಶೆಡ್ಡಿಗೆ ಕೆಲಸ ಕಲಿಯಲು ಬರುವ ಐಟಿಐ ಹುಡುಗರಿಗೆ ಡ್ರಿಲ್ಲಿಂಗ್ ಮಷೀನ್ ಕೊಡುವ ಮೊದಲು ಅದರ ದೀಪ ಹೊಂದಿಸುವುದನ್ನು ಕಲಿಸುತ್ತೇನೆ. ತೂತು ಅರ್ಧ ಮಿಲಿಮೀಟರ್ ಸರಿದರೂ ಎಷ್ಟೋ ಜಾಬ್ ಗುಜರಿಗೇ ಹೋಗುತ್ತವೆ.

ಸೂರಿನಲ್ಲಿ ಎಷ್ಟು ಟ್ಯೂಬ್‌ಲೈಟ್ ಇದ್ದರೂ ಈ ಮಷೀನಿಗೆ ಸಾಲದು. ಮಷೀನಿನ ತಲೆ ಮುಂದಕ್ಕೆ ಚಾಚಿರುತ್ತದೆ, ಅದರಡಿ ಚಕ್, ಅದರಡಿ ಬಿಟ್. ನೋಡಲೆಂದು ಬಗ್ಗಿದರೆ ನಮ್ಮ ತಲೆಯ ನೆರಳೂ ಸೇರುತ್ತದೆ. ಬೆಳಕು ಬೀಳಬೇಕಾದ ಸೆಂಟರ್ ಪಂಚ್ ಗುರುತಿನ ಮೇಲೆಯೇ ಕತ್ತಲು.

ಸಣ್ಣ ದೀಪವೊಂದನ್ನು ಬಗ್ಗಿಸಿ, ಬೆಳಕು ಜಾಬನ್ನು ಸವರಿಕೊಂಡು ಹೋಗುವಷ್ಟು ಓರೆಯಾಗಿ ಹಿಡಿದು ನೋಡಿ. ಸ್ಕ್ರೈಬರ್ ಗೆರೆಯ ಒಂದಂಚು ಹೊಳೆಯುತ್ತದೆ, ಇನ್ನೊಂದು ಕಪ್ಪಾಗುತ್ತದೆ. ಪಂಚ್ ಕುಳಿಯಲ್ಲಿ ಅರ್ಧಚಂದ್ರದಂತೆ ನೆರಳು ನಿಲ್ಲುತ್ತದೆ. ಬಿಟ್ಟಿನ ಮೊನೆ ಅದರಲ್ಲಿ ಕೂತಿತೋ ಇಲ್ಲವೋ, ಊಹಿಸಬೇಕಾಗಿಲ್ಲ. ಒಂದೇ ದೀಪವಾದರೆ ಬಿಟ್ಟಿನ ನೆರಳು ಆಚೆ ಬದಿಗೆ ಬೀಳುತ್ತದೆ. ಎಡಕ್ಕೊಂದು ಬಲಕ್ಕೊಂದು ಇದ್ದರೆ ವಾಸಿ. ಸಣ್ಣ ದೀಪದ ದೂರ ಅರ್ಧಕ್ಕಿಳಿದರೆ ಬೆಳಕು ನಾಲ್ಕು ಪಟ್ಟಾಗುವುದರಿಂದ ಹತ್ತಿರವೇ ಇಡುತ್ತೇನೆ. ಸ್ಪಿಂಡಲ್ ಸುತ್ತ ಕೂರುವ ರಿಂಗ್ ಲೈಟ್ ನೆರಳು ತೆಗೆಯಲು ಚೆನ್ನ, ಗೆರೆ ತೋರಿಸಲು ಸಪ್ಪೆ. ಅಲ್ಯೂಮಿನಿಯಂ ಕಣ್ಣಿಗೆ ಹೊಡೆದರೆ ದೀಪದ ಮುಂದೆ ಹಾಲುಬಣ್ಣದ ಅಕ್ರಿಲಿಕ್ ತುಂಡು ಇಟ್ಟರೆ ಸಾಕು.

ನನಗೆ ನಿಜವಾದ ಭಯವಿರುವುದು ಬೇರೆಯದಕ್ಕೆ. “ಸಾರ್, ಬೆಲ್ಟ್ ಜಾರ್ತಿದೆಯಾ? ಚಕ್ ತಿರುಗ್ತಾನೇ ಇಲ್ಲ” ಎಂದು ಒಬ್ಬ ಹುಡುಗ ಕೈ ಮುಂದೆ ತಂದಿದ್ದ.

“ತಿರುಗ್ತಿದೆ ಕಣೋ, ಕೈ ತೆಗಿ!”

ನಮ್ಮ ಕರೆಂಟು 50 ಹರ್ಟ್ಸ್. ಹಳೇ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಚಕ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಪ್ರತಿ ಮಿನುಗಿಗೆ ಸರಿಯಾಗಿ ಮೂರನೇ ಒಂದು ಸುತ್ತು. ಕೀ ಹಾಕುವ ತೂತುಗಳು ಮೂರೇ ಇರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಬಂದು ನಿಲ್ಲುತ್ತದೆ, ಚಕ್ ನಿಂತಂತೆ ಕಾಣುತ್ತದೆ. 3000 ಸುತ್ತಿನಲ್ಲಿ ಎರಡು ತೋಡಿನ ಬಿಟ್ಟಿಗೂ ಇದೇ ಕತೆ. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲೂ ಕೆಲವು ಹೀಗೆ ಮಿನುಗುತ್ತವೆ. 1948ರ ಕಾರ್ಖಾನೆ ಕಾಯ್ದೆ ತನ್ನ 17ನೇ ಸೆಕ್ಷನ್ನಿನಲ್ಲಿ ಅಪಘಾತಕ್ಕೆ ಎಡೆಮಾಡುವ ನೆರಳು, ಕಣ್ಣು ಕುಕ್ಕುವ ಬೆಳಕು ಎರಡನ್ನೂ ತಡೆಯಬೇಕೆಂದು ಬರೆದಿತ್ತು. ಮಿನುಗನ್ನೂ ಅಷ್ಟೇ ಗಂಭೀರವಾಗಿ ನೋಡಬೇಕು ಎನ್ನುತ್ತೇನೆ ನಾನು.

ಒಳ್ಳೇ ಪವರ್ ಸಪ್ಲೈನಿಂದ 24 ವೋಲ್ಟ್ ಡಿಸಿಯಲ್ಲಿ ಉರಿಯುವ ಎಲ್‌ಇಡಿ ಹಾಕಿದರೆ ಮಿನುಗಿನ ಕಾಟ ತಪ್ಪುತ್ತದೆ. ಕೂಲಂಟ್ ಸಿಡಿಯುವ ಕಡೆ 230 ವೋಲ್ಟ್ ತರದಿರುವುದು ಇನ್ನೊಂದು ಲಾಭ. ಮ್ಯಾಗ್ನೆಟ್ ತಳದ ದೀಪವನ್ನು ಟೇಬಲ್ ಮೇಲೆ ಕೂರಿಸಬೇಡಿ, ಕಬ್ಬಿಣದ ಚೂರೆಲ್ಲ ಮೆತ್ತಿಕೊಳ್ಳುತ್ತದೆ. ಕಂಬಕ್ಕೆ ಕ್ಲ್ಯಾಂಪ್ ಮಾಡಿ. ವೈರನ್ನು ಕಂಬದ ಹಿಂಬದಿಯಿಂದಲೇ ಇಳಿಸಿ, ಚಕ್ಕಿಗೆ ಎಟುಕದಂತೆ ಬಿಗಿಯಾಗಿ ಕಟ್ಟಿ.